ಮರದ ಸೌಟಿಗೆ ಕಟ್ಟಿದ ಬೀಗದ ಕೈ

ಬೆಳಗಿನ ನಾಲ್ಕೂ ಹತ್ತು. ಡಿಪೋದಲ್ಲಿ
ಎಲ್ಲರ ಕೈಯಲ್ಲೂ ಹಬೆಯಾಡುವ ಚಹಾ, ನನ್ನ ಕೈಯಲ್ಲಿ ಬರೀ ಬಿಸಿನೀರು.
ಇನ್ನೊಂದು ಸಲ ಹೋಗಿ ಬರುತ್ತೇನೆ ಎನ್ನುತ್ತೇನೆ,
ಆಗಲೇ ಮೂರು ಸಲ ಹೋಗಿ ಬಂದವಳು.
"ಟ್ರಾಮಿಗಿಂತ ನಿನ್ನ ಟ್ರಿಪ್ಪೇ ಜಾಸ್ತಿ, ಯಾದ್ವಿಗಾ,"
ನಗುತ್ತಾನೆ ಪಾಳಿ ಬರೆಯುವ ಮುದುಕ. ನಾನೂ ನಗುತ್ತೇನೆ,
ಹೊಟ್ಟೆ ಹುಣ್ಣಾಗದಷ್ಟು, ಎಚ್ಚರದಿಂದ.

ಈ ಊರಿನ ಹೆಸರು ವೂಚ್. ಹಾಗೆಂದರೆ ದೋಣಿ.
ದೋಣಿ ತೇಲಲು ಇಲ್ಲಿ ಹೊಳೆಯೇ ಕಾಣದು.
ಇದ್ದವು, ಹಲವು. ನೂಲಿನ ಗಿರಣಿಗಳು ಬಂದಾಗ
ಬಣ್ಣದ ನೀರು ಕುಡಿದು ನಾರತೊಡಗಿದವು,
ಕೊಳವೆಯೊಳಗೆ ತುರುಕಿ ಮೇಲೆ ರಸ್ತೆ ಹಾಕಿದರು.
ಈಗಲೂ ಹರಿಯುತ್ತವೆ, ಕತ್ತಲಲ್ಲಿ, ನನ್ನ ಹಳಿಗಳ ಕೆಳಗೆ.
ಕೆಂಪು ದೀಪಕ್ಕೆ ನಿಂತಾಗ ಗುಡುಗುಡು ಕೇಳಿಸುತ್ತದೆ.
ಅದೋ ನಾನೋ, ಗೊತ್ತಾಗುವುದಿಲ್ಲ.

ಬೇರೆಯವರಿಗೆ ಊರೆಂದರೆ ಚರ್ಚು, ಚೌಕ, ಸಿನಿಮಾ ಶಾಲೆ.
ನನಗೆ ಮೂರನೇ ನಿಲ್ದಾಣದ ಪೆಟ್ರೋಲ್ ಬಂಕು,
ಏಳರಲ್ಲಿ ಗ್ರಂಥಾಲಯ (ಬಾಗಿಲು ತೆರೆಯುವವರೆಗೆ ದೇವರೇ ಗತಿ),
ಹನ್ನೊಂದರಲ್ಲಿ ಗ್ರಜಿನಾಳ ಹೂವಿನಂಗಡಿ.
ಹಿಂದಿನ ಕಕ್ಕಸಿನ ಬೀಗದ ಕೈಯನ್ನು
ಮರದ ಸೌಟಿಗೆ ಕಟ್ಟಿದ್ದಾಳೆ, ಯಾರೂ ಜೇಬಿಗಿಳಿಸದಂತೆ.
ಅಲ್ಲಿಂದ ಹದಿನೆಂಟರವರೆಗೆ ಏನೂ ಇಲ್ಲ.
ಕರುಳಿಗೆ ಅದು ಎಂಟರಲ್ಲೇ ಗೊತ್ತಾಗುತ್ತದೆ.

ಡಾಕ್ಟರೂ ಹಾಗೇ ಅಂದರು: ಏನೂ ಇಲ್ಲ.
ಹಾವಿಗೆ ಕ್ಯಾಮೆರಾ ಕಟ್ಟಿ ಒಳಗೆ ಬಿಟ್ಟು ನೋಡಿ,
"ಗುಲಾಬಿ ಬಣ್ಣ, ಮಗುವಿನ ಕರುಳಿನ ಹಾಗಿದೆ."
ಅತ್ತುಬಿಟ್ಟೆ. ಸಂತೋಷಕ್ಕಲ್ಲ.
ಒಂದು ಹುಣ್ಣಾದರೂ ಇದ್ದಿದ್ದರೆ
ತೋರಿಸಬಹುದಿತ್ತು ಯಾರಿಗಾದರೂ.

ಎರಡನೆಯ ಡಾಕ್ಟರಮ್ಮ ಕಾಗದದ ಮೇಲೆ ತಲೆ ಬರೆದಳು, ಹೊಟ್ಟೆ ಬರೆದಳು,
ನಡುವೆ ಒಂದು ನರ, ಟೆಲಿಫೋನ್ ತಂತಿಯಂತೆ.
"ಎರಡೂ ಕಡೆಯಿಂದ ಕರೆ ಹೋಗುತ್ತದೆ. ನಿಮ್ಮಲ್ಲಿ
ಇಬ್ಬರೂ ಒಟ್ಟಿಗೇ ಕಿರುಚುತ್ತಿದ್ದಾರೆ."
ಮೊದಲು ಕಿರುಚಿದ್ದು ಯಾರು? ಕೇಳಿದೆ.
ಅವಳು ಪೆನ್ನು ಮುಚ್ಚಿದಳು.

ಕೊನೆಯ ನಿಲ್ದಾಣದಲ್ಲಿ ಹಳಿ ದುಂಡಗೆ ಬಳಸಿ
ಬಂದ ದಾರಿಗೇ ಬಂದು ಸೇರುತ್ತದೆ.
ಹೆದರಿದ್ದಕ್ಕೆ ಹೊಟ್ಟೆ ಕೆಟ್ಟಿತೋ, ಕೆಟ್ಟೀತೆಂದು ಹೆದರಿದೆನೋ,
ಆ ಸುತ್ತಿನಲ್ಲೇ ಇಪ್ಪತ್ತು ವರ್ಷ.
ಹೊಟ್ಟೆಗೆ ಹಾಕಿಕೋ ಅನ್ನುತ್ತಿದ್ದಳು ಅಮ್ಮ,
ಅಪ್ಪ ಕುಡಿದು ಬಂದ ರಾತ್ರಿಗಳಲ್ಲಿ, ಬಾಗಿಲ ಸಂದಿಯಲ್ಲಿ ನಿಂತು.
ಹಾಕಿಕೊಂಡೆ. ಗಂಡನ ಮಾತು, ಮೇಲಿನವರ ಮೆಮೊ,
ಹಳಿಗೆ ಅಡ್ಡ ಓಡಿಬಂದು ಕೂದಲೆಳೆಯಲ್ಲಿ ಉಳಿದ
ಆ ಕೆಂಪು ಟೋಪಿಯ ಹುಡುಗ.
ಹೊಟ್ಟೆ ಚಿಕ್ಕದು. ಅದು ಕೇಳಿದ್ದು ರೊಟ್ಟಿ.

ಈ ತಿಂಗಳು ನನ್ನ ಪಕ್ಕ ಕೆಲಸ ಕಲಿಯಲು ಬಂದವನು ಬ್ವಾಜೇಯ್.
ಬಾಳೆಹಣ್ಣು, ಒಣ ಬಿಸ್ಕತ್ತು, ಮತ್ತೇನೂ ಮುಟ್ಟುವುದಿಲ್ಲ.
ಹೊರಗೆ ಮೈನಸ್ ಒಂಬತ್ತು, ಅವನ ಮೇಲ್ದುಟಿಯಲ್ಲಿ ಬೆವರು.
ಒಂಬತ್ತನೇ ನಿಲ್ದಾಣ. ಹಸಿರು ಬಿದ್ದರೂ ಕೆಂಪೆಂಬಂತೆ ಕೂತ.
ಏನಾಯಿತು ಎಂದು ಕೇಳಲಿಲ್ಲ ನಾನು.
ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ.
"ಇನ್ನೆರಡೇ ನಿಲ್ದಾಣ," ಅಂದೆ, "ಹೂವಿನಂಗಡಿ.
ಸೌಟು ಎಡಗಡೆಯ ಮೊಳೆಯಲ್ಲಿದೆ. ಗ್ರಜಿನಾ ಪ್ರಶ್ನೆ ಕೇಳುವವಳಲ್ಲ."

ಆರು ನಿಮಿಷ.
ನಲವತ್ತು ಜನ ಗಡಿಯಾರ ನೋಡಿದರು, ಮುದುಕಿಯೊಬ್ಬಳು ಗಾಜು ಬಡಿದಳು.
ಮೈಕು ಹಿಡಿದೆ. ತಾಂತ್ರಿಕ ಕಾರಣ ಎನ್ನಬೇಕು, ಅದು ನಿಯಮ.
"ಚಾಲಕನಿಗೆ ಹೊಟ್ಟೆ ಸರಿಯಿಲ್ಲ. ಕಾಯೋಣ."
ನನ್ನದೇ ದನಿಯಲ್ಲಿ ಆ ಮಾತು ಕೇಳಿ ಬೆಚ್ಚಿದೆ.
ಆಕಾಶವೇನೂ ಕಳಚಿ ಬೀಳಲಿಲ್ಲ.
ಮುದುಕಿ ಚೀಲ ತಡಕಿ ಒಂದು ಪೆಪ್ಪರ್‌ಮಿಂಟು ತೆಗೆದು
ಕಿಂಡಿಯಿಂದ ತೂರಿಸಿದಳು: ಅವನಿಗೆ.

ಹಿಮದಲ್ಲಿ ಜಾರುತ್ತ ಓಡಿ ಬಂದ. ಕೈಯಲ್ಲಿ ಇನ್ನೂ ಸೌಟು.
ವಾಪಸು ಇಡುವುದನ್ನೇ ಮರೆತಿದ್ದ.
ಇರಲಿ ಬಿಡು, ಮುಂದಿನ ಸುತ್ತಿಗೆ ಕೊಟ್ಟರಾಯಿತು ಎಂದೆ.
ಹನ್ನೆರಡು. ಹದಿಮೂರು. ಹದಿನಾಲ್ಕು.
ಕನ್ನಡಿಯ ಕೊಂಡಿಗೆ ಸಿಕ್ಕಿಸಿದ ಸೌಟು
ತಿರುವಿದ್ದಲ್ಲೆಲ್ಲ ಗಾಜಿಗೆ ತಾಗಿ ಟಕ್ಕೆನ್ನುತ್ತಿತ್ತು.